ಉಕ್ಕಿನ ಸುಂಕ ಯಾರ ಜೇಬಿನಿಂದ? ಭದ್ರಾವತಿಯಿಂದ ಭೋಸರಿಯವರೆಗೆ

(ಪುಣೆಯ ಕನ್ನಡ ಜೈನ ಬಾಂಧವರ ಸಭೆಯಲ್ಲಿ 2025ರ ಸೆಪ್ಟೆಂಬರಿನಲ್ಲಿ ಮಾಡಿದ ಭಾಷಣದ ಪಠ್ಯ)



ಧರ್ಮಸಭೆಯ ವಾತಾವರಣವಿರುವ ಈ ಅಂಗಳದಲ್ಲಿ ಕಬ್ಬಿಣದ ಮಾತೇಕೆ ಎಂದು ಬರುವಾಗ ದಾರಿಯಲ್ಲಿ ಒಬ್ಬ ಹಿರಿಯರು ಕೇಳಿದರು. ಈ ಸಭೆಯಲ್ಲಿ ಕುಳಿತಿರುವವರಲ್ಲಿ ಉಕ್ಕನ್ನು ಮಾರುವವರಿದ್ದಾರೆ, ಕೊಂಡು ಬಗ್ಗಿಸಿ ಕತ್ತರಿಸುವವರಿದ್ದಾರೆ, ಉಕ್ಕಿನ ಕಂಪನಿಗಳ ಷೇರುಗಳನ್ನು ಇಟ್ಟುಕೊಂಡವರಂತೂ ಹಲವರಿದ್ದಾರೆ ಎಂದು ಉತ್ತರಿಸಿದೆ. ಒಂದೇ ಸುಂಕದಿಂದ ಇವರಲ್ಲಿ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ಹಾಗಿದ್ದೂ ಮೂವರೂ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತೇವೆ. ಈ ವಿಷಯವನ್ನು ಪತ್ರಿಕೆಗಳ ವಾಣಿಜ್ಯ ಪುಟಕ್ಕೆ ಬಿಟ್ಟುಬಿಡುವುದು ಸರಿಯಲ್ಲವೆಂದು ನನಗೆ ತೋರಿತು. ನಾನು ಅರ್ಥಶಾಸ್ತ್ರಜ್ಞನಲ್ಲ. ಭೋಸರಿಯ ಒಂದು ಕಾರ್ಖಾನೆಯಲ್ಲಿ ಖರೀದಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ತಗಡಿನ ಬೆಲೆಯ ಏರಿಳಿತವೇ ನನ್ನ ಪಾಲಿನ ಪಂಚಾಂಗವಾಗಿತ್ತು.

ನಮ್ಮ ನುಡಿಗೆ ಈ ಲೋಹದೊಡನೆ ಇರುವ ನಂಟು ಹಳೆಯದು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮುಂಬಯಿಯಿಂದ ಬಂದ ಒಂದು ಉಕ್ಕಿನ ವಿಷಯವಾಗಿ ಪ್ರಬಂಧ ಓದಿದನು. ಅದರ ಹೆಸರನ್ನು ಅವರು ‘ವೂಟ್ಜ್’ ಎಂದು ಬರೆದುಕೊಂಡಿದ್ದರು. ಅದು ನಮ್ಮ ‘ಉಕ್ಕು’ ಎಂಬ ಶಬ್ದವೇ ಅಪಭ್ರಂಶಗೊಂಡದ್ದು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮುಂದೆ ಮೈಕೇಲ್ ಫ್ಯಾರಡೆಯಂತಹ ವಿಜ್ಞಾನಿಯೂ ಅದರ ಗುಟ್ಟನ್ನು ಭೇದಿಸಲು ಯತ್ನಿಸಿದನು. ದಕ್ಷಿಣ ಭಾರತದ ಮೂಸೆಗಳಲ್ಲಿ ಸಿದ್ಧವಾದ ಈ ಗಟ್ಟಿಗಳು ಶತಮಾನಗಳ ಕಾಲ ಪಶ್ಚಿಮ ಏಷ್ಯಕ್ಕೆ ಸಾಗಿ ಅಲ್ಲಿ ಖಡ್ಗಗಳಾಗುತ್ತಿದ್ದವು. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಹೆಮ್ಮೆಯ ಭಾಷಣಗಳು ಸಾಕಷ್ಟಾಗಿವೆ. ಅಂತಹ ಕೌಶಲವಿದ್ದ ನಾಡು ಹತ್ತೊಂಬತ್ತನೆಯ ಶತಮಾನದ ಕೊನೆಗೆ ನೇಗಿಲಿನ ಕುಳಕ್ಕೂ ಹಳಿಯ ಮೊಳೆಗೂ ಇಂಗ್ಲೆಂಡಿನ ಕಡೆ ನೋಡುವಂತಾಯಿತು. ಅಲ್ಲಿಯ ಕುಲುಮೆಗಳು ಕೋಕ್ ಉರಿಸಿ ಅಗ್ಗವಾಗಿ, ರಾಶಿರಾಶಿಯಾಗಿ ಕಬ್ಬಿಣ ಕರಗಿಸಿದವು; ಇಲ್ಲಿಯ ಸಣ್ಣ ಮೂಸೆಗಳು ಒಂದೊಂದಾಗಿ ಆರಿದವು. ವ್ಯಾಪಾರ ಮತ್ತು ಉತ್ಪಾದಕತೆ ಎಂಬ ಎರಡು ಮಾತುಗಳ ಜಗಳ ಅಂದಿನಿಂದ ನಡೆದಿದೆ.

ಈ ಊರಿನಲ್ಲಿ ನಿಂತು ಕನ್ನಡದಲ್ಲಿ ಉಕ್ಕಿನ ಮಾತಾಡುವಾಗ ಮೊದಲು ನೆನೆಯಬೇಕಾದವರು ಸರ್ ಎಂ. ವಿಶ್ವೇಶ್ವರಯ್ಯನವರು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಕಲಿತು 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದವರು ಅವರು. ಖಡಕ್‌ವಾಸಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು ಅವರವೇ. ದಿವಾನರಾಗಿ ಅವರು ಕಂಡ ಕನಸುಗಳಲ್ಲಿ ಒಂದು ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ನದಿಯ ನೀರು. 1918ರಲ್ಲಿ ಕೆಲಸ ಆರಂಭವಾಗಿ 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಹೊತ್ತಿಕೊಂಡ ಗಳಿಗೆ ಮಾತ್ರ ಕೆಟ್ಟದು. ಯುದ್ಧಕಾಲದ ಬೆಲೆಗಳನ್ನು ನೋಡಿ ಹಾಕಿದ ಲೆಕ್ಕ; ಕಬ್ಬಿಣ ಹೊರಬರುವ ಹೊತ್ತಿಗೆ ಜಗತ್ತಿನ ಮಾರುಕಟ್ಟೆ ಕುಸಿದಿತ್ತು. ಸಂಸ್ಥಾನದ ಹಣವನ್ನು ಕಾಡಿನಲ್ಲಿ ಸುರಿದರು ಎಂದು ಮೂದಲಿಸಿದವರು ಕಡಮೆಯಿರಲಿಲ್ಲ. ಅದೇ ವರ್ಷ ಮಹಾರಾಜರ ಕೋರಿಕೆಯಂತೆ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿ 1929ರವರೆಗೆ ಅಲ್ಲಿದ್ದರು.

ಅವರು ಅಲ್ಲಿ ಮಾಡಿದ್ದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸುಂಕ ಹೆಚ್ಚಿಸಿ ಎಂದು ದೆಹಲಿಗೆ ಬರೆಯುವ ಅಧಿಕಾರ ಒಂದು ದೇಶೀಯ ಸಂಸ್ಥಾನಕ್ಕೆ ಅಷ್ಟಾಗಿ ಇರಲಿಲ್ಲ. ಆದುದರಿಂದ ವೆಚ್ಚದ ಕಡೆ ಕೈಹಾಕಿದರು. ದುಬಾರಿ ಸಂಬಳದ ವಿದೇಶೀ ತಜ್ಞರ ಸ್ಥಾನಕ್ಕೆ ತರಬೇತಾದ ನಮ್ಮವರನ್ನು ತಂದರು. ಇದ್ದಿಲು ಸುಡುವಾಗ ಹೊಗೆಯಾಗಿ ಹೋಗುತ್ತಿದ್ದುದನ್ನು ಹಿಡಿದು ಟಾರು, ಮರದ ಮದ್ಯಸಾರ ಮುಂತಾದ ಉಪೋತ್ಪನ್ನಗಳಾಗಿ ಮಾರಿದರು. ಮುಂದೆ ಅದೇ ಆವರಣದಲ್ಲಿ ಉಕ್ಕಿನ ಘಟಕ ಬಂತು, ಸಿಮೆಂಟು ಬಂತು, ಊರಿಗೆ ಕಾಗದದ ಕಾರ್ಖಾನೆ ಬಂತು. 1952ರಲ್ಲಿ ಜೋಗದ ವಿದ್ಯುತ್ತಿನಿಂದ ಕಬ್ಬಿಣ ಕರಗಿಸುವ ವಿದ್ಯುತ್ ಕುಲುಮೆಗಳು ಆರಂಭವಾದವು. ಉತ್ಪಾದಕತೆ ಎಂಬ ಶಬ್ದ ಚಾಲ್ತಿಗೆ ಬರುವ ಮೊದಲೇ ಅಲ್ಲಿ ಆ ಕೆಲಸ ನಡೆದಿತ್ತು.

ಇತ್ತ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಗುಲಿದರೆ ನೆಲಕ್ಕೆ ವಿಷವೇರುವುದೆಂದು ರೈತರು ಕೊಳ್ಳಲಿಲ್ಲವಂತೆ. 1910ರಲ್ಲಿ ಕಿರ್ಲೋಸ್ಕರವಾಡಿ, 1941ರಲ್ಲಿ ನಮ್ಮ ಹರಿಹರದಲ್ಲಿ ಲೇತುಗಳ ಕಾರ್ಖಾನೆ, 1946ರಲ್ಲಿ ಈ ಪುಣೆಯಲ್ಲಿ ಎಣ್ಣೆ ಎಂಜಿನ್ನುಗಳು. ನಮ್ಮ ಸಮಾಜದವರೇ ಆದ ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದರು ರೈಲುಹಾದಿಯ ಗುತ್ತಿಗೆಯಿಂದ ಆರಂಭಿಸಿ ಹಡಗು, ವಿಮಾನ, ಮೋಟಾರು ಎಂದು ಒಂದಾದ ಮೇಲೊಂದಕ್ಕೆ ಕೈಹಾಕಿದರು. 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಮೈಸೂರು ಸರಕಾರ ಅವರ ಜೊತೆಗೂಡಿತು. ಇವರೆಲ್ಲ ಉಕ್ಕನ್ನು ಮಾಡಿದವರಲ್ಲ, ಬಳಸಿದವರು. ಈ ವ್ಯತ್ಯಾಸವನ್ನು ದಯವಿಟ್ಟು ಮನಸ್ಸಿನಲ್ಲಿಡಿ. ನನ್ನ ಮಾತೆಲ್ಲ ಅದರ ಮೇಲೆ ನಿಂತಿದೆ.

1924ಕ್ಕೆ ಬರೋಣ. ಯುರೋಪಿನ ಅಗ್ಗದ ಉಕ್ಕು ನುಗ್ಗಿ ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆ ಉಸಿರುಗಟ್ಟುವಂತಾದಾಗ, ಜಾರ್ಜ್ ರೈನಿಯವರ ಅಧ್ಯಕ್ಷತೆಯ ಸುಂಕ ಮಂಡಲಿಯು ವಿಚಾರಣೆ ನಡೆಸಿ ರಕ್ಷಣೆಗೆ ಶಿಫಾರಸು ಮಾಡಿತು. ಆ ವರ್ಷ ಉಕ್ಕು ಉದ್ಯಮ ಸಂರಕ್ಷಣ ಕಾಯಿದೆ ಜಾರಿಗೆ ಬಂತು. ಪರಕೀಯರ ಸರಕಾರವೆಂದು ಬದಿಗೆ ಸರಿಸದೆ ಅದರ ರಚನೆಯನ್ನು ನೋಡಬೇಕು. ರಕ್ಷಣೆ ಮೊದಲಿಗೆ ಮೂರು ವರ್ಷಕ್ಕೆ ಮಾತ್ರ. ಅವಧಿ ಮುಗಿಯುತ್ತಲೇ ಮತ್ತೆ ವಿಚಾರಣೆ: ಟನ್ನಿಗೆ ವೆಚ್ಚ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು, ಇನ್ನೆಷ್ಟು ಇಳಿಯಬಲ್ಲದು. ಹಳಿಗಳಿಗೆ, ರೈಲು ವ್ಯಾಗನ್ನುಗಳಿಗೆ ಸುಂಕದ ಜೊತೆ ನೇರ ಸಹಾಯಧನ. ಕಚ್ಚಾ ಉಕ್ಕು ತುಟ್ಟಿಯಾದಾಗ ಅದನ್ನು ಬಳಸಿ ಸೇತುವೆ, ತೊಲೆ ಕಟ್ಟುವವನು ಸಾಯಬಾರದೆಂದು ಅವನ ಸರಕಿಗೂ ಪರಿಹಾರದ ಸುಂಕ. 1927ರಲ್ಲಿ ಬ್ರಿಟಿಷ್ ಉಕ್ಕಿಗೆ ಮಾತ್ರ ಕಡಮೆ ಸುಂಕ ಎಂದು ಪಕ್ಷಪಾತ ತೂರಿಸಿದ್ದು ನಿಜ, ಅದಕ್ಕೆ ಅಂದಿನ ನಮ್ಮ ನಾಯಕರು ಪ್ರತಿಭಟಿಸಿದ್ದೂ ನಿಜ. ಆದರೂ ರಕ್ಷಣೆ ಎಂಬುದು ಲೆಕ್ಕ ಕೊಡಬೇಕಾದ ಸಾಲ ಎಂಬ ತತ್ತ್ವ ಅಲ್ಲಿತ್ತು. 1947ರಲ್ಲಿ ಆ ರಕ್ಷಣೆ ಮುಗಿದಾಗ ಕಾರ್ಖಾನೆ ತನ್ನ ಕಾಲ ಮೇಲೆ ನಿಂತಿತ್ತು.

ಸ್ವಾತಂತ್ರ್ಯದ ಬಳಿಕದ ಕಥೆ ನಿಮಗೆ ಗೊತ್ತೇ ಇದೆ: ಭಿಲಾಯಿ, ರೂರ್ಕೆಲಾ, ದುರ್ಗಾಪುರ, ಬೊಕಾರೊ, 1973ರಲ್ಲಿ ಸೇಲ್. ಒಂದು ಸಂಗತಿಯನ್ನು ಮಾತ್ರ ಪುಣೆಯವರು ಹೇಳಿಕೊಳ್ಳುವುದಿಲ್ಲ, ನಾನು ಹೇಳುತ್ತೇನೆ. 1950ರ ದಶಕದಿಂದ ಸಾಗಣೆ ವೆಚ್ಚ ಸಮೀಕರಣ ಎಂಬ ನೀತಿ ಇತ್ತು. ಜಮ್‌ಷೆಡ್‌ಪುರದ ಬಾಗಿಲಲ್ಲಿ ಉಕ್ಕಿಗೆ ಎಷ್ಟು ಬೆಲೆಯೋ ಸಾವಿರಾರು ಕಿಲೋಮೀಟರ್ ದೂರದ ಪುಣೆಯ ನಿಲ್ದಾಣದಲ್ಲಿಯೂ ಅಷ್ಟೇ ಬೆಲೆ. ಅದಿರು, ಕಲ್ಲಿದ್ದಲು ಎರಡೂ ತಮ್ಮ ನೆಲದಲ್ಲಿದ್ದೂ ಬಿಹಾರ, ಬಂಗಾಳ, ಒಡಿಶಾಗಳು ಯಂತ್ರೋದ್ಯಮವನ್ನು ಕಳೆದುಕೊಂಡವು. ಪಿಂಪ್ರಿ ಚಿಂಚವಾಡಗಳು ಬೆಳೆದವು. ನಮ್ಮ ಉದ್ಯಮಶೀಲತೆಯ ಬಗ್ಗೆ ನಾವು ಹೇಳಿಕೊಳ್ಳುವ ಕಥೆಗಳಲ್ಲಿ ಆ ಅಗ್ಗದ ಸಾಗಣೆಗೂ ಒಂದು ಪಾಲಿದೆ. 1992ರಲ್ಲಿ ಬೆಲೆ ನಿಯಂತ್ರಣದ ಜೊತೆಗೆ ಅದೂ ಹೋಯಿತು. ನಿಯಂತ್ರಣದ ಆ ಕಾಲದಲ್ಲಿ ಪರ್ಮಿಟ್ಟಿನ ಉಕ್ಕಿಗೆ ಒಂದು ಬೆಲೆ, ಹಿಂಬಾಗಿಲಿನ ಉಕ್ಕಿಗೆ ಇನ್ನೊಂದು. ನಡುವಿನ ಅಂತರದಲ್ಲಿ ಮನೆ ಕಟ್ಟಿದವರು ಎಲ್ಲ ಸಮಾಜಗಳಲ್ಲಿಯೂ ಇದ್ದರು. ನಮ್ಮಲ್ಲಿ ಇರಲಿಲ್ಲವೆಂದು ಅಪರಿಗ್ರಹದ ಬಗ್ಗೆ ವ್ಯಾಖ್ಯಾನ ಮಾಡುವ ವೇದಿಕೆಯಿಂದ ಹೇಳಲಾರೆ.

ನಮ್ಮ ಕರ್ನಾಟಕದಲ್ಲಿ ನಡೆದುದು ಇದಕ್ಕಿಂತ ಕಠೋರ. ಕುದುರೆಮುಖದ ಗಣಿ ಇರಾನಿನ ಷಾ ಅವರ ಹಣದ ಭರವಸೆಯ ಮೇಲೆ ಎದ್ದದ್ದು. ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಸಾರವನ್ನು ಕೊಳವೆಯಲ್ಲಿ ಮಂಗಳೂರಿಗೆ ಹರಿಸಿ ಹಡಗಿಗೇರಿಸುವ ಯೋಜನೆ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಕೊಳ್ಳುವವನೇ ಇಲ್ಲವಾದನು. ಬೇರೆ ಗಿರಾಕಿಗಳನ್ನು ಹುಡುಕಿ ಗಣಿ ನಡೆಯಿತು, ಭದ್ರೆ ಕೆಂಪಾದಳು, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಯ ದಿನ ಗಣಿಗಾರಿಕೆ ನಿಂತಿತು. ಕೆಂಪಾದ ಆ ಭದ್ರೆಯ ದಡದಲ್ಲಿಯೇ ಭದ್ರಾವತಿ ಇರುವುದು.

ಬಳ್ಳಾರಿಯದು ಎಲ್ಲರೂ ಬಲ್ಲದ್ದು. ಚೀನದ ಕುಲುಮೆಗಳ ಹಸಿವಿಗೆ ಅದಿರಿನ ಬೆಲೆ ಏರಿದಾಗ ಸಂಡೂರಿನ ಗುಡ್ಡಗಳು ಲಾರಿಯೇರಿ ಬಂದರಿಗೆ ಹೋದವು. 2006ರಿಂದ 2010ರವರೆಗೆ ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಲೋಕಾಯುಕ್ತ ಸಂತೋಷ ಹೆಗ್ಡೆಯವರು 2011ರ ವರದಿಯಲ್ಲಿ ಎಣಿಸಿದರು. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು, ನ್ಯಾಯಾಲಯ ಗಣಿಗಳನ್ನು ನಿಲ್ಲಿಸಿತು. ಅದೇ ಜಿಲ್ಲೆಯ ತೋರಣಗಲ್ಲಿನಲ್ಲಿ ಇಂದಿರಾ ಗಾಂಧಿಯವರು ವಿಜಯನಗರ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದ್ದು 1971ರಲ್ಲಿ. ಸರಕಾರ ಅದನ್ನು ಕಟ್ಟಲೇ ಇಲ್ಲ, 1990ರ ದಶಕದಲ್ಲಿ ಜಿಂದಾಲರು ಕಟ್ಟಿದರು. ಕಲ್ಲಿಗೂ ಕುಲುಮೆಗೂ ನಡುವಿನ ಆ ಎರಡು ದಶಕಗಳಿಗೆ ಬೆಲೆ ಕಟ್ಟಿದವರಿಲ್ಲ. ಅದಿರಾಗಿ ಮಾರಿದ ಟನ್ನಿಗೂ ಉಕ್ಕಾಗಿ ಮಾರಿದ ಟನ್ನಿಗೂ ಇರುವ ಬೆಲೆಯ ಅಂತರದಲ್ಲಿ ಎಷ್ಟು ಕನ್ನಡಿಗರ ಸಂಬಳವಿತ್ತು ಎಂಬುದನ್ನು ಖರೀದಿ ಗುಮಾಸ್ತನೂ ಊಹಿಸಬಲ್ಲ.

ಒಂದು ಸಣ್ಣ ವಿಷಯಾಂತರ. ಶ್ರಾವಕನಿಗೆ ವರ್ಜ್ಯವಾದ ಹದಿನೈದು ಕರ್ಮಾದಾನಗಳಲ್ಲಿ ಅಂಗಾರಜೀವಿಕೆ, ವನಜೀವಿಕೆ, ಸ್ಫೋಟಜೀವಿಕೆಗಳಿವೆ: ಇದ್ದಿಲು, ಕಾಡು, ನೆಲ ಅಗೆಯುವುದು. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ವಿಷವಾಣಿಜ್ಯವನ್ನು ವಿವರಿಸುವಾಗ ಆಯುಧ, ನೇಗಿಲು, ಯಂತ್ರಗಳ ಜೊತೆಗೆ ಕಬ್ಬಿಣವನ್ನೂ ಸೇರಿಸಿದ್ದಾರೆ. ಅಕ್ಷರಶಃ ಹಿಡಿದರೆ ಈ ಸಭೆಯ ಅರ್ಧಭಾಗ ಅಂಗಡಿ ಮುಚ್ಚಬೇಕು. ಹಾಗೆಂದು ನಾನು ಹೇಳುವುದಿಲ್ಲ. ಬೆಲೆಪಟ್ಟಿಯಲ್ಲಿ ಕಾಣದ ವೆಚ್ಚವನ್ನೂ ವೆಚ್ಚವೆಂದೇ ಬರೆದುಕೊಳ್ಳುವ ಲೆಕ್ಕಪದ್ಧತಿ ನಮ್ಮ ಮನೆಯಲ್ಲಿ ಎಂಟುನೂರು ವರ್ಷಗಳಿಂದ ಇತ್ತು; ಕಾಡಿಗೂ ಹೊಳೆಗೂ ನಾವು ಆ ಲೆಕ್ಕವನ್ನು ಇಡಲಿಲ್ಲ, ಅಷ್ಟೆ. ಕೊಪ್ಪಳದಲ್ಲಿ ಈ ಫೆಬ್ರುವರಿಯಲ್ಲಿ ಗವಿಮಠದ ಸ್ವಾಮಿಗಳ ಜೊತೆ ಸಾವಿರಾರು ಜನ ಹೊಸ ಉಕ್ಕಿನ ಕಾರ್ಖಾನೆ ಬೇಡವೆಂದು ಬೀದಿಗಿಳಿದಾಗ, ಪ್ರಗತಿವಿರೋಧಿಗಳು ಎಂದು ಇಲ್ಲಿ ಕೆಲವರು ನಕ್ಕರು. ಕೊಪ್ಪಳದ ಗಿಣಿಗೇರಿಯಲ್ಲಿ ತಯಾರಾಗುವ ಉಕ್ಕು ಪುಣೆಯ ಕಲ್ಯಾಣಿ ಸಮೂಹದ್ದು. ಮುಂಡವಾದಲ್ಲಿ ಕ್ರ್ಯಾಂಕ್ ಶಾಫ್ಟುಗಳನ್ನು ಮಾಡಿ ಹೊರದೇಶಗಳಿಗೆ ಕಳುಹಿಸುವ ಭಾರತ್ ಫೋರ್ಜ್ ಕೂಡ ಅದೇ ಸಮೂಹದ್ದು. ಲಾಭ ಈ ಊರಿಗೆ, ಹೊಗೆ ಆ ಊರಿಗೆ ಎಂದಾದಾಗ ನಗುವ ಹಕ್ಕು ನಮಗಿಲ್ಲ.

ಈಗ ಉತ್ಪಾದಕತೆ. ತಲೆಗೆಷ್ಟು ಟನ್ ಎಂಬುದು ಜನಪ್ರಿಯ ಅಳತೆ. 1990ರ ದಶಕದ ಆರಂಭದಲ್ಲಿ ಟಾಟಾ ಸ್ಟೀಲಿನಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ನೌಕರರಿದ್ದರು. 2005ರ ಹೊತ್ತಿಗೆ ಅದು ನಲವತ್ತು ಸಾವಿರದ ಆಸುಪಾಸಿಗೆ ಇಳಿಯಿತು, ಉತ್ಪಾದನೆ ಮಾತ್ರ ಹೆಚ್ಚಿತು. ಸೇಲ್‌ನಲ್ಲಿ ಎರಡು ಲಕ್ಷಕ್ಕೂ ಮೀರಿದ್ದವರು ಇಂದು ಅದರ ಮೂರನೆಯ ಒಂದು ಭಾಗವೂ ಇಲ್ಲ. ಕಾಗದದ ಮೇಲೆ ಅದ್ಭುತ ಸುಧಾರಣೆ. ಆದರೆ ಈ ಎಣಿಕೆಯಲ್ಲಿ ಸೇರುವುದು ಕಾಯಂ ನೌಕರರು. ಗೇಟಿನಲ್ಲಿ ಬೇರೆ ಬಣ್ಣದ ಹೆಲ್ಮೆಟ್ಟು ಹಾಕಿ ಒಳಹೋಗುವ ಗುತ್ತಿಗೆ ಕಾರ್ಮಿಕ ಸೇರುವುದಿಲ್ಲ. ಛೇದದಿಂದ ಮನುಷ್ಯರನ್ನು ತೆಗೆದರೆ ಯಾವ ಭಾಗಾಕಾರವೂ ಚೆನ್ನಾಗಿಯೇ ಬರುತ್ತದೆ. ಅಲ್ಲದೆ ನಮ್ಮ ಉಕ್ಕಿನ ನಿಜವಾದ ತೊಡಕುಗಳು ಕೂಲಿಯಲ್ಲಿಲ್ಲ. ಕೋಕ್ ಮಾಡುವ ಕಲ್ಲಿದ್ದಲಿನ ಬಹುಭಾಗ ಆಸ್ಟ್ರೇಲಿಯ ಮುಂತಾದ ಕಡೆಗಳಿಂದ ಬರಬೇಕು; ನಮ್ಮದರಲ್ಲಿ ಬೂದಿ ಹೆಚ್ಚು. ರೈಲಿನ ಸಾಗಣೆ ದರ ಹೆಚ್ಚು, ಸಾಲದ ಬಡ್ಡಿ ಹೆಚ್ಚು. ಇವುಗಳಲ್ಲಿ ಯಾವುದನ್ನೂ ಕುಲುಮೆಯ ಮುಂದೆ ಬೆವರುವವನು ಮಾಡಿದ್ದಲ್ಲ.

ಭದ್ರಾವತಿಯನ್ನೇ ನೋಡಿ. 1989ರಲ್ಲಿ ಸೇಲ್‌ನ ತೆಕ್ಕೆಗೆ ಬಂದು 1998ರಲ್ಲಿ ಪೂರ್ತಿ ವಿಲೀನವಾಯಿತು. ಮಿಶ್ರಲೋಹದ ವಿಶೇಷ ಉಕ್ಕುಗಳನ್ನು ಮಾಡಬಲ್ಲ ಕೈಗಳು ಅಲ್ಲಿದ್ದವು. ಬಂಡವಾಳ ಬರಲಿಲ್ಲ, ಸ್ವಂತ ಗಣಿಯಿಂದ ಅದಿರು ದೊರೆಯಲಿಲ್ಲ. ಗಣಿಗಳ ರಾಜ್ಯದಲ್ಲಿದ್ದೂ ಅದಿರನ್ನು ಮಾರುಕಟ್ಟೆಯಲ್ಲಿ ಕೊಳ್ಳಬೇಕಾದ ಸರಕಾರಿ ಕಾರ್ಖಾನೆ! ಬಳಿಕ ನಷ್ಟ ಎಂದರು; 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರವಾಯಿತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಬಳಿಕ ಬಂದ ಉಕ್ಕು ಸಚಿವ ಕುಮಾರಸ್ವಾಮಿಯವರು ಪುನಶ್ಚೇತನದ ಮಾತಾಡಿದ್ದಾರೆ. ಮಾತು ಕುಲುಮೆಗೆ ತಲುಪುವುದನ್ನು ಕಾಯುತ್ತಿದ್ದೇವೆ. ಒಂದು ಕಾರ್ಖಾನೆಗೆ ಇಂಧನ, ಅದಿರು, ಹೊಸ ಯಂತ್ರ ಮೂರನ್ನೂ ನಿಲ್ಲಿಸಿ ಅದರ ಉತ್ಪಾದಕತೆ ಕಡಮೆಯೆಂದು ತೀರ್ಪು ಕೊಡುವುದು, ಉಪವಾಸ ಹಾಕಿದ ಎತ್ತನ್ನು ಸೋಮಾರಿ ಎಂದಂತೆ.

ಕೊನೆಯದಾಗಿ ಇಂದಿನ ಸುಂಕ. 2024-25ರಲ್ಲಿ ದೇಶಕ್ಕೆ ಆಮದಾದ ಸಿದ್ಧ ಉಕ್ಕು ಸುಮಾರು 95 ಲಕ್ಷ ಟನ್. ರಫ್ತಾದದ್ದು ಅದರ ಅರ್ಧದಷ್ಟು. ಚೀನ 2024ರಲ್ಲಿ 11 ಕೋಟಿ ಟನ್ನು ಹೊರಗೆ ಸುರಿದಿದೆ, ಅಮೆರಿಕ ಆಮದು ಉಕ್ಕಿನ ಮೇಲಿನ ಸುಂಕವನ್ನು ಈ ಜೂನಿನಲ್ಲಿ ಶೇ 50ಕ್ಕೆ ಏರಿಸಿದೆ. ಅಲ್ಲಿ ತಡೆದದ್ದು ಇಲ್ಲಿಗೆ ಹರಿಯುವ ಭಯ ಸುಳ್ಳಲ್ಲ. ಇಂಡಿಯನ್ ಸ್ಟೀಲ್ ಅಸೋಸಿಯೇಷನ್ ಅರ್ಜಿ ಸಲ್ಲಿಸಿತು; ಏಪ್ರಿಲ್ 21ರಿಂದ 200 ದಿನಗಳಿಗೆ ಶೇ 12ರ ಸುರಕ್ಷತಾ ಸುಂಕ ಜಾರಿಗೆ ಬಂತು. ಆಗಸ್ಟಿನಲ್ಲಿ ವಾಣಿಜ್ಯ ಪರಿಹಾರಗಳ ಮಹಾನಿರ್ದೇಶನಾಲಯ ಅದನ್ನು ಮೂರು ವರ್ಷಕ್ಕೆ ವಿಸ್ತರಿಸಲು ಶಿಫಾರಸು ಮಾಡಿದೆ: ಮೊದಲ ವರ್ಷ 12, ಬಳಿಕ 11.5, ಬಳಿಕ 11. ಹಣಕಾಸು ಸಚಿವಾಲಯ ಇನ್ನು ತೀರ್ಮಾನಿಸಬೇಕು.

ಈ ಸುಂಕ ಚಪ್ಪಟೆ ಉಕ್ಕಿಗೆ: ಕಾಯಿಲು, ತಗಡು, ಪ್ಲೇಟು. ಅಂದರೆ ಭೋಸರಿಯ, ಚಾಕಣದ ಪ್ರೆಸ್ ಶಾಪಿನವನ ಕಚ್ಚಾ ಸರಕು. ದೇಶದ ಬಳಕೆ ವರ್ಷಕ್ಕೆ 15 ಕೋಟಿ ಟನ್. ಆಮದು ನೂರಕ್ಕೆ ಆರು. ಆದರೆ ಆ ಆರರ ಬೆಲೆ ಏರಿದರೆ ಉಳಿದ ತೊಂಬತ್ನಾಲ್ಕರ ಬೆಲೆಯನ್ನು ಏರಿಸಲು ದೇಶೀ ಕಾರ್ಖಾನೆಗೆ ಅವಕಾಶ ಸಿಗುತ್ತದೆ. ಒಂದು ಲೆಕ್ಕ ಹೇಳುತ್ತೇನೆ. ನೂರು ರೂಪಾಯಿಯ ಬಿಡಿಭಾಗದಲ್ಲಿ ತಗಡಿನದೇ ಅರವತ್ತು, ಮಾಲೀಕನಿಗೆ ಉಳಿಯುವುದು ಐದು ಎಂದು ಇಟ್ಟುಕೊಳ್ಳಿ. ತಗಡಿನ ಬೆಲೆ ಶೇ 8 ಏರಿದರೆ ನಾಲ್ಕು ರೂಪಾಯಿ ಎಂಬತ್ತು ಪೈಸೆ ಹೋಯಿತು. ಉಳಿದದ್ದು ಇಪ್ಪತ್ತು ಪೈಸೆ. ದೊಡ್ಡ ಮೋಟಾರು ಕಂಪನಿ ದರವನ್ನು ಆರು ತಿಂಗಳ ಮೇಲೆ ನೋಡೋಣ ಎನ್ನುತ್ತದೆ. ಅಷ್ಟರಲ್ಲಿ ಸಣ್ಣವನು ಒಂದು ಪಾಳಿಯನ್ನು ನಿಲ್ಲಿಸುತ್ತಾನೆ. ನನ್ನ ಹಳೆಯ ಪರಿಚಯದ ಒಬ್ಬರು ಈ ಜೂನಿನಲ್ಲಿ ನಿಲ್ಲಿಸಿದರು. ಆ ಪಾಳಿಯಲ್ಲಿದ್ದ ಹುಡುಗರಲ್ಲಿ ಕಲಬುರಗಿ, ಬೀದರ್ ಕಡೆಯವರೇ ಹೆಚ್ಚು. ಅವರಲ್ಲಿ ಇಬ್ಬರು ಊರಿಗೆ ಹೋಗುವ ಮೊದಲು ನನ್ನ ಮನೆಗೆ ಬಂದು ಬೇರೆ ಕೆಲಸ ಇದೆಯೇ ಎಂದು ಕೇಳಿದರು. ಏನು ಹೇಳಲಿ?

ಸುಂಕವೇ ಬೇಡವೆಂದು ನಾನು ವಾದಿಸುವುದಿಲ್ಲ. ಸರಕಾರಿ ಸಾಲದ ಬಲದಿಂದ ವೆಚ್ಚಕ್ಕಿಂತ ಕಡಮೆಗೆ ಮಾರುವವನ ಎದುರು ಬಾಗಿಲು ತೆರೆದಿಡುವುದು ವಿವೇಕವಲ್ಲ. ಕುಲುಮೆ ಒಮ್ಮೆ ಆರಿದರೆ ಮತ್ತೆ ಹೊತ್ತಿಸುವುದು ಎಷ್ಟು ಕಷ್ಟವೆಂಬುದು ಭದ್ರಾವತಿಯವರಿಗೆ ಗೊತ್ತು. ನನ್ನ ತಕರಾರು ಬೇರೆ. ನಮ್ಮ 1997ರ ಸುರಕ್ಷತಾ ಸುಂಕ ನಿಯಮಗಳಲ್ಲಿಯೇ ಒಂದು ಮಾತಿದೆ: ಅರ್ಜಿದಾರನು ಆಮದಿನ ಪೈಪೋಟಿಗೆ ಹೊಂದಿಕೊಳ್ಳಲು ಏನು ಮಾಡುತ್ತಿದ್ದೇನೆ, ಏನು ಮಾಡಲಿದ್ದೇನೆ ಎಂದು ಹೇಳಬೇಕು. 1924ರ ತತ್ತ್ವದ ನೆರಳು ಅದು. ಅಂದು ಆ ಪ್ರಶ್ನೆಗೆ ಉತ್ತರ ಟನ್ನು ಟನ್ನಿನ ಲೆಕ್ಕವಾಗಿ ಪುಸ್ತಕರೂಪದಲ್ಲಿ ಅಚ್ಚಾಗುತ್ತಿತ್ತು, ಯಾರು ಬೇಕಾದರೂ ಓದಬಹುದಿತ್ತು. ಇಂದು ಮೂರು ವರ್ಷದ ರಕ್ಷಣೆ ಪಡೆಯುವವರಿಂದ ವರ್ಷವರ್ಷದ ವೆಚ್ಚದ ಲೆಕ್ಕವನ್ನು, ಗುತ್ತಿಗೆ ಕಾರ್ಮಿಕರನ್ನೂ ಎಣಿಸಿದ ಉತ್ಪಾದಕತೆಯನ್ನು, ಟನ್ನಿಗೆ ಉಗುಳುವ ಇಂಗಾಲದ ಅಳತೆಯನ್ನು ಬಹಿರಂಗವಾಗಿ ಕೇಳಬಾರದೇಕೆ? ಇಂಗಾಲದ ಮಾತು ಅಲಂಕಾರಕ್ಕಲ್ಲ. ನಮ್ಮಲ್ಲಿ ಟನ್ ಉಕ್ಕಿಗೆ ಸುಮಾರು ಎರಡೂವರೆ ಟನ್ ಇಂಗಾಲಾಮ್ಲ. ಜಗತ್ತಿನ ಸರಾಸರಿ ಎರಡಕ್ಕಿಂತ ಕಡಮೆ. ಬರುವ ಜನವರಿ 1ರಿಂದ ಯುರೋಪ್ ಒಕ್ಕೂಟ ತನ್ನ ಗಡಿಯಲ್ಲಿ ಅದಕ್ಕೂ ಬೆಲೆ ವಸೂಲಿ ಮಾಡುವ ವ್ಯವಸ್ಥೆಯನ್ನು ಪೂರ್ಣರೂಪದಲ್ಲಿ ತರಲಿದೆ. ಬೋಲ್ಟು, ಸ್ಕ್ರೂಗಳೂ ಅದರ ಪಟ್ಟಿಯಲ್ಲಿವೆ. ತಗಡು ಇಲ್ಲಿ ತುಟ್ಟಿ, ಸರಕಿಗೆ ಅಲ್ಲಿ ದಂಡ. ಎರಡು ಕಡೆಯೂ ಸಣ್ಣವನೇ ಕೊಡಬೇಕು.

ದೊಡ್ಡ ಕಾರ್ಖಾನೆಗಳಿಗೆ ದೆಹಲಿಯಲ್ಲಿ ವಕೀಲರಿದ್ದಾರೆ. ಉಕ್ಕು ಬಳಸುವ ಹತ್ತು ಜನರ, ಇಪ್ಪತ್ತು ಜನರ ಘಟಕಗಳಿಗೆ ಇಲ್ಲ. ನಮ್ಮ ಸಮಾಜದ ವರ್ತಕರ ಕೈಯಲ್ಲಿ ಒಂದು ವಸ್ತುವಿದೆ, ಅದು ಬಿಲ್ಲು ಪುಸ್ತಕ: ಮಾರ್ಚಿನಲ್ಲಿ ಕಾಯಿಲು ಎಷ್ಟಕ್ಕೆ ಬಂತು, ಮೇನಲ್ಲಿ ಎಷ್ಟಕ್ಕೆ, ಇಂದು ಎಷ್ಟಕ್ಕೆ. ಗಿರಾಕಿಯ ಹೆಸರನ್ನು ಮುಚ್ಚಿ ಆ ದರಗಳನ್ನು ಕೊಡಲು ಯಾವ ವ್ಯಾಪಾರ ರಹಸ್ಯವೂ ಅಡ್ಡಿಯಾಗದು. ಭೋಸರಿಯ ಮೂವರು ಗೆಳೆಯರು ಹಣಕಾಸು ಸಚಿವಾಲಯಕ್ಕೆ ಒಂದು ಮನವಿಯ ಕರಡು ಸಿದ್ಧಪಡಿಸಿದ್ದಾರೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿಯೂ ಇದೆ. ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದೆ. ನವೆಂಬರಿನ ಮೊದಲ ವಾರಕ್ಕೆ 200 ದಿನ ಮುಗಿಯುತ್ತದೆ. ಓದಿ, ತಪ್ಪಿದ್ದರೆ ತಿದ್ದಿ, ನಿಮ್ಮ ಅಂಕಿಗಳನ್ನು ಬರೆದು ಅಕ್ಟೋಬರಿನೊಳಗೆ ತಲುಪಿಸಿ. ಊಟದ ಬಳಿಕ ನಾನು ಅಲ್ಲಿಯೇ ಕುಳಿತಿರುತ್ತೇನೆ.